ರೆಪ್ಲಿಕಾ ಕಾರಿನ ಹೊದಿಕೆಯ ಕೆಳಗೆ

ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ಕಾರುಗಳನ್ನು ಸರ್ಕಾರಿ ಪರೀಕ್ಷೆಗೆ ಒಯ್ಯುವ ಮೊದಲು ಪರಿಶೀಲಿಸಿ, ತಿದ್ದಬೇಕಾದುದನ್ನು ಪಟ್ಟಿ ಮಾಡಿ ಕೊಡುವುದು ನನ್ನ ವೃತ್ತಿ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ನೆಲೆಸಿ ಇದೇ ಕೆಲಸ ಮಾಡಿಕೊಂಡು ಬಂದಿರುವ ನನ್ನನ್ನು ಊರಿನ ಕಾರುಪ್ರಿಯ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಫೆರಾರಿಯಂತೆಯೋ ಲ್ಯಾಂಬೋರ್ಗಿನಿಯಂತೆಯೋ ಕಾಣುವ, ಆದರೆ ಅವುಗಳಲ್ಲದ ರೆಪ್ಲಿಕಾ ಕಾರುಗಳಿಗೆ ನಾವು ಗೌರವ ಕೊಡಬೇಕೆ ಎಂಬುದು ಆ ಪ್ರಶ್ನೆ. ಹೊರಗಿನಿಂದ ನೋಡಿ ಇದಕ್ಕೆ ಉತ್ತರ ಹೇಳಲಾರೆ. ಕಾರನ್ನು ಲಿಫ್ಟ್ ಮೇಲೆ ಎತ್ತಿ, ಸೀಟುಗಳನ್ನು ಬಿಚ್ಚಿದ ಮೇಲೆ ಹೇಳಬಲ್ಲೆ.

ಒಂದೇ ವಾರದಲ್ಲಿ ನನ್ನ ಬಳಿಗೆ ಬಂದಿದ್ದ ಎರಡು ಕಾರುಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಮೊದಲನೆಯದು ಲ್ಯಾಂಬೋರ್ಗಿನಿ ಕೌಂಟಾಶ್‌ನ ರೆಪ್ಲಿಕಾ. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು, ಕತ್ತರಿಯಂತೆ ಮೇಲಕ್ಕೇಳುವ ಬಾಗಿಲುಗಳು ಸದ್ದಿಲ್ಲದೆ ಏಳುತ್ತಿದ್ದವು. ಚಾಲಕನ ಸೀಟನ್ನು ತೆಗೆದು ಸೀಟ್‌ ಬೆಲ್ಟಿನ ಬೋಲ್ಟಿನ ಸುತ್ತ ಬೆರಳಾಡಿಸಿದೆ. ಬೋಲ್ಟು ಉಕ್ಕಿನ ಚೌಕಟ್ಟನ್ನು ಮುಟ್ಟಿರಲೇ ಇಲ್ಲ; ಬರೀ ಫೈಬರ್‌ಗ್ಲಾಸಿನ ಮೂಲಕ ಹಾದು, ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ವಾಷರಿಗೆ ಬಿಗಿದುಕೊಂಡಿತ್ತು. ಬಿಗಿದ ಬಲಕ್ಕೇ ವಾಷರಿನ ಸುತ್ತ ಕೂದಲೆಳೆಯಂಥ ಬಿರುಕುಗಳು ಹರಡಿದ್ದವು. ಅಪಘಾತದ ಕ್ಷಣದಲ್ಲಿ ಆ ಬೋಲ್ಟು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕಿತ್ತು ಬರುತ್ತಿತ್ತು. ಮಾಲೀಕರು ಒಳ್ಳೆಯವರು, ಹಣಕ್ಕೂ ಕೊರತೆಯಿರಲಿಲ್ಲ. ಆದರೆ ಅವರು ಕೊಂಡಿದ್ದ ಬಿಡಿಭಾಗಗಳ ಕಿಟ್ಟನ್ನು ರೂಪಿಸಿದವರ ಗಮನವೆಲ್ಲ ಕಣ್ಣಿಗೆ ಕಾಣುವ ಭಾಗದ ಮೇಲೆಯೇ ಇತ್ತು.

ಎರಡನೆಯದು ಕೋಬ್ರಾ ಎಂಬ ಅರವತ್ತರ ದಶಕದ ಸ್ಪೋರ್ಟ್ಸ್ ಕಾರಿನ ರೆಪ್ಲಿಕಾ. ನಿವೃತ್ತ ಬಡಗಿಯೊಬ್ಬರು ಏಳು ವರ್ಷ ಸಂಜೆಗಳನ್ನು ವ್ಯಯಿಸಿ, ಒಂದೇ ಕಾರು ಹಿಡಿಯುವ ಗ್ಯಾರೇಜಿನಲ್ಲಿ ಅದನ್ನು ಕಟ್ಟಿದ್ದರು. ಬಣ್ಣದಲ್ಲಿ ಅಲ್ಲಲ್ಲಿ ಕಿತ್ತಳೆ ಸಿಪ್ಪೆಯಂಥ ಒರಟು ಉಳಿದಿತ್ತು. ಆದರೆ ಕೆಳಗೆ ಬ್ರೇಕಿನ ಕೊಳವೆಗಳು ಒಂದೇ ಅಂತರದಲ್ಲಿ ಕ್ಲಿಪ್ ಹಾಕಿಸಿಕೊಂಡು, ಎಲ್ಲಿಯೂ ಉಜ್ಜದಂತೆ, ಎಲ್ಲಿಯೂ ಸೈಲೆನ್ಸರಿನ ಬಿಸಿ ತಾಗದಂತೆ ಸಾಗಿದ್ದವು. ಬೆಲ್ಟಿನ ಪ್ರತಿಯೊಂದು ಬೋಲ್ಟೂ ಚೌಕಟ್ಟಿಗೆ ವೆಲ್ಡ್ ಮಾಡಿದ ದಪ್ಪ ಉಕ್ಕಿನ ಫಲಕದೊಳಕ್ಕೆ ಇಳಿದಿತ್ತು. ಬಿಗಿ ಪರೀಕ್ಷಿಸಿದ ಪ್ರತಿ ನಟ್ಟಿನ ಮೇಲೂ ಅವರು ಹಳದಿ ಬಣ್ಣದ ಒಂದು ಗೆರೆ ಎಳೆದಿದ್ದರು.

ಕೌಂಟಾಶ್‌ನ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ರೆಪ್ಲಿಕಾಗಳ ಬಗೆಗಿನ ನನ್ನ ಅಸಮಾಧಾನದ ಬೇರು ಅಲ್ಲಿದೆ. 1971ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡು 1974ರಲ್ಲಿ ಮಾರುಕಟ್ಟೆಗೆ ಬಂದ ಆ ಕಾರಿನ ಆಕಾರವನ್ನು ಬರೆದವರು ಬರ್ಟೋನೆ ಸಂಸ್ಥೆಯ ಮಾರ್ಚೆಲ್ಲೋ ಗಾಂಡಿನಿ. ಎಂಜಿನಿಯರಿಂಗ್ ಪಾವೊಲೊ ಸ್ಟಾಂಜಾನಿ ಅವರದು. ಸ್ಟಾಂಜಾನಿ ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಸೀಟುಗಳ ಹಿಂದೆ ಉದ್ದಕ್ಕೆ ಇಟ್ಟು, ಗೇರ್‌ಬಾಕ್ಸನ್ನು ಅದರ ಮುಂದೆ, ಎರಡು ಸೀಟುಗಳ ನಡುವೆ ಕೂರಿಸಿದರು. ಶಕ್ತಿ ಹಿಂದಿನ ಚಕ್ರಗಳಿಗೆ ಮರಳಲು ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಯ, ಅಂದರೆ ಆಯಿಲ್ ಸಂಪ್‌ನ ಮೂಲಕವೇ ಒಂದು ಶಾಫ್ಟನ್ನು ಹಾಯಿಸಿದರು. ಭಾರ ಮಧ್ಯಕ್ಕೆ ಬಂತು, ಚಾಲಕ ಮುಂದಕ್ಕೆ ಸರಿದ, ಗಾಜು ಮೂಗಿನಿಂದಲೇ ಏಳುವಂತೆ ಇಳಿಜಾರಾಯಿತು, ಕಾರಿನ ಎತ್ತರ 1,070 ಮಿಲಿಮೀಟರಿಗೆ ಇಳಿಯಿತು. ಅಂದರೆ ನಾವು ಗೋಡೆಯ ಪೋಸ್ಟರಿನಲ್ಲಿ ನೋಡಿ ಮರುಳಾದ ಆ ಬೆಣೆಯಾಕಾರ ಗೇರ್‌ಬಾಕ್ಸಿನ ಸ್ಥಾನದಿಂದ ಹುಟ್ಟಿದ ಆಕಾರ.

ಈಗ ಇದೇ ಆಕಾರವನ್ನು ಪಾಂಟಿಯಾಕ್ ಫಿಯೆರೋದ ಮೇಲೆ ಹೊದಿಸುತ್ತಾರೆ. 1984ರಿಂದ 1988ರವರೆಗೆ ಅಮೆರಿಕದಲ್ಲಿ ತಯಾರಾದ ಫಿಯೆರೋದಲ್ಲಿ ಉಕ್ಕಿನ ಅಸ್ಥಿಪಂಜರಕ್ಕೆ ಪ್ಲಾಸ್ಟಿಕ್ ಫಲಕಗಳನ್ನು ಬೋಲ್ಟ್ ಮಾಡಿರುತ್ತಾರೆ. ಅವನ್ನು ಬಿಚ್ಚಿ ಬೇರೆ ಹೊದಿಕೆ ಹಾಕುವುದು ಸುಲಭವಾದ್ದರಿಂದಲೇ ಅದು ರೆಪ್ಲಿಕಾದವರ ಅಚ್ಚುಮೆಚ್ಚಿನ ‘ಡೋನರ್’, ಅಂದರೆ ಬುನಾದಿಯಾಗುವ ಕಾರಾಯಿತು. ಆದರೆ ಅದರ ನಾಲ್ಕು ಅಥವಾ ಆರು ಸಿಲಿಂಡರಿನ ಎಂಜಿನ್ ಅಡ್ಡಕ್ಕೆ ಕೂತಿದೆ, ಚಾಲಕ ಹಿಂದಿದ್ದಾನೆ. ಅಳತೆ ಹೊಂದಿಸಲು ಕೆಲವರು ಚೌಕಟ್ಟನ್ನೇ ನಡುವೆ ಕತ್ತರಿಸಿ ಉದ್ದ ಮಾಡುತ್ತಾರೆ. ಆ ಬೆಸುಗೆಯನ್ನು ನಾನು ಎಷ್ಟು ಹೊತ್ತು ದೀಪ ಹಿಡಿದು ನೋಡುತ್ತೇನೆಂದರೆ, ಕೆಲವು ಮಾಲೀಕರಿಗೆ ಬೇಸರವಾಗಿಬಿಡುತ್ತದೆ. ಮೂಲದ ಎಂಜಿನಿಯರ್ ಯಾವ ಸಮಸ್ಯೆಗೆ ಉತ್ತರ ಹುಡುಕಿದ್ದನೋ ಆ ಸಮಸ್ಯೆಯೇ ಇಲ್ಲದ ಕಡೆ ಉತ್ತರವನ್ನು ಮಾತ್ರ ಎತ್ತಿ ತಂದು ಅಂಟಿಸಿದರೆ, ಅದನ್ನು ಕಟ್ಟಿದವರ ಕೈಚಳಕವನ್ನು ಮೆಚ್ಚಬಹುದು, ಕಾರನ್ನು ಮೆಚ್ಚಲು ನನ್ನಿಂದಾಗದು.

ಕೋಬ್ರಾದ ಕಥೆಯೇ ಬೇರೆ. ಅದರ ಮೂಲ ಲಂಡನ್ನಿನ ನೈಋತ್ಯಕ್ಕಿರುವ ಥೇಮ್ಸ್ ಡಿಟನ್‌ನಲ್ಲಿ ಎಸಿ ಸಂಸ್ಥೆ ತಯಾರಿಸುತ್ತಿದ್ದ ಏಸ್ ಎಂಬ ಹಗುರ ಕಾರು. ಆ ಏಸ್‌ನ ಮೈಕಟ್ಟು ಇಟಲಿಯ ಫೆರಾರಿ 166 ಬಾರ್ಕೆಟ್ಟಾವನ್ನು ಹೋಲುತ್ತದೆ ಎಂಬುದನ್ನು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಯಾರಾದರೂ ಒಪ್ಪುತ್ತಾರೆ. ಟೆಕ್ಸಾಸ್‌ನ ಕ್ಯಾರಲ್ ಶೆಲ್ಬಿ 1962ರಲ್ಲಿ ಅದರೊಳಗೆ ಫೋರ್ಡ್‌ನ ವಿ8 ಎಂಜಿನ್ ಇಳಿಸಿದರು. ಎಂಜಿನ್ ಮುಂದೆ 4.7 ಲೀಟರಿಗೂ ಕೊನೆಗೆ 7 ಲೀಟರಿಗೂ ಬೆಳೆಯಿತು. ಎರವಲು ಮೈ, ಎರವಲು ಎಂಜಿನ್, ಎರಡು ದೇಶಗಳ ಜೋಡಣೆ: ಇಂದು ಕೋಟಿಗಟ್ಟಲೆ ಬೆಲೆಬಾಳುವ ಮೂಲ ಕೋಬ್ರಾ ಹುಟ್ಟಿದ್ದು ಹೀಗೆ. ಅರವತ್ತರ ದಶಕದಲ್ಲಿ ತಯಾರಾದ ಕಾರುಗಳು ಸುಮಾರು ಒಂದು ಸಾವಿರ. ಕೊಳವೆಗಳ ಚೌಕಟ್ಟು, ಮುಂದೆ ದೊಡ್ಡ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ ಎಂಬ ಅದರ ಸರಳ ವಿನ್ಯಾಸವನ್ನು ಬಡಗಿಯೊಬ್ಬರು ಮನೆಯಲ್ಲಿ ಪ್ರಾಮಾಣಿಕವಾಗಿ ಮತ್ತೆ ಕಟ್ಟಬಹುದು, ಮೂಲಕ್ಕಿಂತ ಗಟ್ಟಿಯಾದ ಚೌಕಟ್ಟನ್ನೂ ಉತ್ತಮ ಬ್ರೇಕನ್ನೂ ಕೊಡಬಹುದು. ಇಂಥ ರೆಪ್ಲಿಕಾವನ್ನು ನಾನು ಆ ಕಾರಿನ ವಂಶದ ಮುಂದುವರಿಕೆಯೆಂದೇ ಎಣಿಸುತ್ತೇನೆ.

ಬ್ರಿಟನ್ನಿನಲ್ಲಿ ಈ ಹವ್ಯಾಸಕ್ಕೆ ತೆರಿಗೆಯ ಇತಿಹಾಸವೂ ಇದೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳ ಕಿಟ್ಟಾಗಿ ಕೊಂಡರೆ ಖರೀದಿ ತೆರಿಗೆ ತಪ್ಪುತ್ತಿತ್ತು. 1973ರಲ್ಲಿ ಆ ವಿನ್ಯಾಸದ ಹಕ್ಕನ್ನು ಕೇಟರ್‌ಹ್ಯಾಮ್ ಸಂಸ್ಥೆ ಕೊಂಡು ಕ್ರಮಬದ್ಧವಾಗಿ ಮುಂದುವರಿಸಿತು. ಅದನ್ನು ನಕಲೆಂದು ಇಲ್ಲಿ ಯಾರೂ ಹೀಗಳೆಯುವುದಿಲ್ಲ.

ಗೌರವ ನಿಜಕ್ಕೂ ಮುಕ್ಕಾಗುವುದು ಲಾಂಛನದ ವಿಷಯದಲ್ಲಿ. ಅಮೆರಿಕದಲ್ಲಿ ಫೆರಾರಿ ಸಂಸ್ಥೆ ಡೇಟೋನಾ ಸ್ಪೈಡರ್ ಮತ್ತು ಟೆಸ್ಟಾರೋಸಾಗಳ ಫೈಬರ್‌ಗ್ಲಾಸ್ ರೆಪ್ಲಿಕಾ ಮಾಡುತ್ತಿದ್ದವರ ಮೇಲೆ ಹೂಡಿದ ಮೊಕದ್ದಮೆಯಲ್ಲಿ 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಫೆರಾರಿಯ ಪರವಾಗಿ ತೀರ್ಪು ನೀಡಿತು. ಕೊಳ್ಳುವವನಿಗೆ ಅದು ರೆಪ್ಲಿಕಾ ಎಂದು ಗೊತ್ತಿರುತ್ತದೆ ಎಂಬ ವಾದ ನಿಲ್ಲಲಿಲ್ಲ. ಬೀದಿಯಲ್ಲಿ ನೋಡುವವರು ಗೊಂದಲಕ್ಕೀಡಾಗುವುದನ್ನೂ ನ್ಯಾಯಾಲಯ ಪರಿಗಣಿಸಿತು. 2019ರಲ್ಲಿ ಬ್ರೆಜಿಲ್‌ನ ಇಟಜಾಯಿ ಊರಿನಲ್ಲಿ ಪೊಲೀಸರು ಮುಚ್ಚಿಸಿದ ಕಾರ್ಖಾನೆಯಲ್ಲಿ ಅರೆಬರೆ ಕಟ್ಟಿದ ಫೆರಾರಿ, ಲ್ಯಾಂಬೋರ್ಗಿನಿ ನಕಲುಗಳು ಲಾಂಛನಗಳ ಸಮೇತ ಸಿಕ್ಕಿದ್ದವು. ನನ್ನ ಗ್ರಾಹಕರಿಗೆ ನಾನು ಹೇಳುವುದು ನೇರವಾಗಿದೆ: ಫೆರಾರಿಯ ಆ ಕುದುರೆಯನ್ನೂ ಲ್ಯಾಂಬೋರ್ಗಿನಿಯ ಗೂಳಿಯನ್ನೂ ತೆಗೆದಿಡಿ, ಕೇಳಿದವರಿಗೆ ಇದನ್ನು ನಾನೇ ಕಟ್ಟಿದೆ ಎಂದು ಹೇಳಿ. ಭಾಗಗಳ ವಯಸ್ಸೋ ಗುರುತೋ ಸ್ಪಷ್ಟವಿಲ್ಲದ ಕಾರಿಗೆ ಬ್ರಿಟನ್ನಿನ ನೋಂದಣಿ ಇಲಾಖೆ ಕೊಡುವ ‘ಕ್ಯೂ’ ಅಕ್ಷರದ ನಂಬರ್ ಪ್ಲೇಟನ್ನು ಹಲವರು ಕಳಂಕವೆಂದು ಭಾವಿಸುತ್ತಾರೆ; ನನಗಂತೂ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಕಾಣದು.

ಕಾರುಪ್ರಿಯರ ಲೋಕ ಈ ವಿಷಯದಲ್ಲಿ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ ಎಂಬ ನೋವೂ ನನಗಿದೆ. ಜಾಗ್ವಾರ್ ಸಂಸ್ಥೆ 1963ರಲ್ಲಿ ಹದಿನೆಂಟು ಹಗುರ ಇ-ಟೈಪ್ ಕಾರುಗಳನ್ನು ಯೋಜಿಸಿ ಹನ್ನೆರಡನ್ನು ಮಾತ್ರ ಕಟ್ಟಿತ್ತು. ಉಳಿದ ಆರನ್ನು ಐವತ್ತು ವರ್ಷಗಳ ಬಳಿಕ ಕಟ್ಟಿ ಮಾರಲು 2014ರಲ್ಲಿ ಮುಂದಾದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕೆಲಸ ಅದ್ಭುತವಾದದ್ದೇ. ಆದರೆ ಐವತ್ತು ವರ್ಷಗಳ ನಂತರ ಹೊಸ ಅಲ್ಯುಮಿನಿಯಂನಲ್ಲಿ ಕಟ್ಟಿದ ಕಾರನ್ನು ಮೆಚ್ಚಿದ ಮನಸ್ಸು ಬಡಗಿಯ ಕೋಬ್ರಾದ ಮುಂದೆ ಮೂಗು ಮುರಿಯುವುದು ನನಗೆ ಸರಿಕಾಣುವುದಿಲ್ಲ.

ಕರ್ನಾಟಕದ ಓದುಗರಿಗೆ ಒಂದು ಎಚ್ಚರಿಕೆ. ಸೆಡಾನ್ ಕಾರಿನ ಮೇಲೆ ಸೂಪರ್‌ಕಾರಿನ ಹೊದಿಕೆ ಹಾಕಿಕೊಡುವವರು ನಮ್ಮ ದೇಶದಲ್ಲೂ ಇದ್ದಾರೆ. ಆದರೆ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ, ಸುಪ್ರೀಂ ಕೋರ್ಟ್ ಕೂಡ ಅದನ್ನು 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ಹಣ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಬ್ರಿಟನ್ನಿನಲ್ಲಿ ಇಂಥ ಒಂದೊಂದು ಕಾರನ್ನೂ ಬಿಡಿಯಾಗಿ ನೋಡಿ ಅನುಮೋದಿಸುವ, 2009ರಿಂದ ಜಾರಿಯಲ್ಲಿರುವ ಸರ್ಕಾರಿ ಪರೀಕ್ಷೆ ಸುಲಭದ್ದಲ್ಲ. ಪಾದಚಾರಿಗೆ ತಾಗಬಹುದಾದ ಹೊರ ಅಂಚುಗಳು ಚೂಪಾಗಿರದೆ ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. 100 ಮಿಲಿಮೀಟರ್ ವ್ಯಾಸದ ಗೋಳವೊಂದನ್ನು ಮೈಮೇಲೆ ಆಡಿಸಿ, ಅದು ಮುಟ್ಟುವ ಜಾಗಗಳನ್ನು ಅಳೆಯುತ್ತಾರೆ. ಬಡಗಿಯ ಕೋಬ್ರಾ ಮೊದಲ ಸಲ ಬಾನೆಟ್ಟಿನ ಗಾಳಿಗಂಡಿಯ ಅಂಚೊಂದರಲ್ಲಿ ಅನುತ್ತೀರ್ಣವಾಯಿತು. ಅವರು ಮನೆಗೆ ಹೋಗಿ, ಮರಕ್ಕೆ ಬಳಸುತ್ತಿದ್ದ ಅರದಿಂದಲೇ ಆ ಅಂಚನ್ನು ದುಂಡಗೆ ಮಾಡಿ, ರಾಳ ಹಚ್ಚಿ, ಮೂರು ವಾರಗಳ ನಂತರ ಮತ್ತೆ ತಂದರು. ಪರೀಕ್ಷಕ ಗೋಳವನ್ನು ಎರಡು ಸಲ ಆಡಿಸಿ ನೋಡಿ, ಪ್ರಮಾಣಪತ್ರಕ್ಕೆ ಸಹಿ ಹಾಕಿದ. ಆ ಕಾರಿಗೆ ಮೇಲ್ಛಾವಣಿ ಇರಲಿಲ್ಲ, ಹೊರಗೆ ಮಳೆ ಹಿಡಿದಿತ್ತು. ಹಳೆಯ ಪುಟ್ಟ ಟ್ರೈಲರಿನ ಮೇಲೆ ಅದನ್ನು ಹತ್ತಿಸುವಾಗ ಅವರು ತಮ್ಮ ಕೋಟು ಬಿಚ್ಚಿ ಚಾಲಕನ ಸೀಟಿನ ಮೇಲೆ ಹೊದಿಸಿದರು, ನಾನು ಹಗ್ಗದ ಇನ್ನೊಂದು ತುದಿಯನ್ನು ಬಿಗಿದೆ.