ಬರ, ಗುಳೆ ಮತ್ತು ದೂರದ ಲೆಕ್ಕ

ದೀಪಾವಳಿಯ ಆಸುಪಾಸಿನಲ್ಲಿ ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳಿಂದ ಕಬ್ಬು ಕಡಿಯುವ ಟೋಳಿಗಳು, ಅಂದರೆ ತಂಡಗಳು, ಗುಳೆ ಹೊರಡುತ್ತವೆ. ಸಕ್ಕರೆ ಕಾರ್ಖಾನೆಯ ಪರವಾಗಿ ಆಳು ಕೂಡಿಸುವ ಮುಕಾದಮ ಮಳೆಗಾಲದಲ್ಲಿಯೇ ಮುಂಗಡ ಹಂಚಿರುತ್ತಾನೆ. ಗಂಡ ಹೆಂಡಿರಿಬ್ಬರೂ ಸೇರಿ ಅವನ ಲೆಕ್ಕದಲ್ಲಿ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು. ಸರ್ಕಾರದ ಬರ ಪರಿಹಾರದ ನೆರವು ತಲುಪದೆ ಹೋದುದರ ಗುರುತಾಗಿ ಮಾತ್ರ ಈ ವಲಸೆಯನ್ನು ಕಾಣುವ ರೂಢಿ ನಮ್ಮಲ್ಲಿದೆ. ಮಾನವಶಾಸ್ತ್ರದ ಪ್ರಶ್ನೆ ಬೇರೆ: ಮನೆ ಬಿಟ್ಟು ಎಷ್ಟು ದೂರ, ಯಾರ ಜೊತೆಗೆ ಹೋಗಬೇಕೆಂಬುದನ್ನು ನಿರ್ಧರಿಸುವವರು ಯಾರು?

1876–78ರ ಬರ ಸೊಲ್ಲಾಪುರ, ಕಲಾದಗಿ ಸೀಮೆಗಳನ್ನು ಹಿಂಡಿದಾಗ ಅದನ್ನು ಸರ್ಕಾರ ನಿರ್ಧರಿಸಿತು. ನಿಜವಾಗಿ ಹಸಿದವನು ಎಷ್ಟು ದೂರವಾದರೂ ಬರುತ್ತಾನೆಂಬ ತರ್ಕದ ಮೇಲೆ, ಊರ ಬಳಿಯ ಸಣ್ಣ ಬರ ಪರಿಹಾರ ಕಾಮಗಾರಿಗಳನ್ನು ನಿಲ್ಲಿಸಿ ಜನರನ್ನು ದೂರದ ದೊಡ್ಡ ಕಾಮಗಾರಿಗಳಿಗೆ ಕಳುಹಿಸಲಾಯಿತು. ಬರದ ಉಸ್ತುವಾರಿಗೆ ಬ್ರಿಟಿಷ್ ಸರ್ಕಾರ ಕಳುಹಿಸಿದ್ದ ಅಧಿಕಾರಿ ರಿಚರ್ಡ್ ಟೆಂಪಲ್ 1877ರಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದ. ಸುಮಾರು 450 ಗ್ರಾಂ ಧಾನ್ಯದಿಂದ ದೊರೆಯುವ ಶಕ್ತಿ 1,600 ಕಿಲೋಕ್ಯಾಲರಿಯಷ್ಟು. ದಿನವಿಡೀ ಮಣ್ಣು ಅಗೆದು ಹೊರುವ ಗಂಡಾಳಿಗೆ ಅದರ ಇಮ್ಮಡಿಯಷ್ಟು ಬೇಕಾಗುತ್ತದೆ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದನ್ನು ವಿರೋಧಿಸಿದ. ಮುಂಬಯಿ ಪ್ರಾಂತದಲ್ಲಿ ಕೂಲಿಕಾರರು ಗುಂಪುಗುಂಪಾಗಿ ಕಾಮಗಾರಿ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭಾ ಎಂಬ ಸಂಘಟನೆ ಅವರ ಪರ ನಿಂತಿತು. ಹಸಿದವರು ನೆರವನ್ನೇ ನಿರಾಕರಿಸಿದರೆಂಬುದು ಸೋಜಿಗವೇನಲ್ಲ. ದೂರದ ಬಿಡಾರಕ್ಕೆ ಹೋಗುವುದೆಂದರೆ ಉಳಿದ ದನಗಳನ್ನು, ಮುದುಕರನ್ನು, ಕಡ ಕೊಡುವ ನೆರೆಹೊರೆಯನ್ನು, ಮುಂದಿನ ಬಿತ್ತನೆಯ ಆಸೆಯನ್ನು ಒಟ್ಟಿಗೆ ಬಿಟ್ಟುಕೊಡುವುದು.

1972–73ರ ಬರದಲ್ಲಿ ಮಹಾರಾಷ್ಟ್ರ ಸರ್ಕಾರ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದು, ಹಳ್ಳಿಗಳ ಸಮೀಪದಲ್ಲಿಯೇ ಕಲ್ಲು ಒಡೆಯುವ, ರಸ್ತೆ ಹಾಕುವ, ಕೆರೆ ತೋಡುವ ಕೆಲಸ ತೆರೆಯಿತು. 1973ರ ಮೇ ತಿಂಗಳಲ್ಲಿ ಸುಮಾರು 50 ಲಕ್ಷ ಜನ ಅದರಲ್ಲಿ ದುಡಿಯುತ್ತಿದ್ದರು. ಆ ಏರ್ಪಾಡೇ ಉದ್ಯೋಗ ಖಾತರಿಯಾಗಿ 1977ರಲ್ಲಿ ರಾಜ್ಯದ ಕಾಯ್ದೆಯಾಯಿತು. 2005ರ ರಾಷ್ಟ್ರೀಯ ಉದ್ಯೋಗ ಖಾತರಿ ಕಾಯ್ದೆಯಂತೂ ಕೆಲಸ 5 ಕಿಲೋಮೀಟರಿನಾಚೆ ಇದ್ದರೆ ಶೇ. 10ರಷ್ಟು ಹೆಚ್ಚು ಕೂಲಿ ಕೊಡಬೇಕೆಂದಿತು. ಒಂದು ಕಾಲಕ್ಕೆ ಬಡವನನ್ನು ಪರೀಕ್ಷಿಸಲು ಬಳಸಿದ ದೂರಕ್ಕೆ ಸರ್ಕಾರವೇ ಬೆಲೆ ತೆರುವಂತಾದುದು ಸಣ್ಣ ಬದಲಾವಣೆಯೆಂದು ನನಗೆ ತೋರುವುದಿಲ್ಲ.

ಹಾಗಿದ್ದೂ ಗುಳೆ ನಿಂತಿಲ್ಲ. ಮದುವೆಗೋ ಬೋರ್‌ವೆಲ್ಲಿಗೋ ಬೇಕಾಗುವ ಇಡಿಗಂಟು ದಿನಗೂಲಿಯಿಂದ ಕೂಡುವುದಿಲ್ಲ, ಮುಂಗಡದಿಂದ ಒಂದೇ ದಿನದಲ್ಲಿ ಕೈಸೇರುತ್ತದೆ. ಟೋಳಿಯಲ್ಲಿ ಬೀಗರು, ಓಣಿಯವರು ಜೊತೆಗಿರುತ್ತಾರೆ. ಆದರೆ ಇಲ್ಲಿಯೂ ದೂರದ ಲಾಭ ಬೇರೊಬ್ಬರಿಗಿದೆ. ಡಚ್ ವಿದ್ವಾಂಸ ಯಾನ್ ಬ್ರೇಮನ್ ದಕ್ಷಿಣ ಗುಜರಾತಿನಲ್ಲಿ ಕಂಡಂತೆ, ಊರಲ್ಲಿ ಭೂಹೀನ ಕೂಲಿಕಾರರಿದ್ದರೂ ಸಕ್ಕರೆ ಕಾರ್ಖಾನೆಗಳು ಹೊರಗಿನಿಂದಲೇ ಆಳು ತರಿಸುತ್ತಿದ್ದವು, ಏಕೆಂದರೆ ಸಾಲದ ಹಂಗಿನಲ್ಲಿ ಪರಸ್ಥಳಕ್ಕೆ ಬಂದವನು ಹೊತ್ತುಗೊತ್ತಿಲ್ಲದೆ ಕರೆದರೂ ಬರಬೇಕು.

2020ರ ಜನವರಿಯಿಂದ ಮಹಾರಾಷ್ಟ್ರದ ರೇಷನ್ ಕಾರ್ಡಿಗೆ ಕರ್ನಾಟಕದಲ್ಲಿಯೂ ಧಾನ್ಯ ಪಡೆಯುವ ವ್ಯವಸ್ಥೆ ಬಂದಿದೆ. ಶಾಲೆ ಹಾಗೆ ಗಡಿ ದಾಟುವುದಿಲ್ಲ. ಆದ್ದರಿಂದಲೇ ಚಿಕ್ಕ ಕೂಸು ತಾಯಿಯ ಜೊತೆ ಕಬ್ಬು ಕಡಿಯುವ ಹೊಲಕ್ಕೆ ಹೋದರೆ, ಶಾಲೆಗೆ ಹೋಗುವ ಮಗು ಅಜ್ಜಿಯ ಬಳಿ ಉಳಿಯುತ್ತದೆ.