ಎದೆಯಲ್ಲಿ ನೆಲೆ, ತೋಳಿನಲ್ಲಿ ಕೆಲಸ

ಬಲಗೈಯ ಹೆಬ್ಬೆರಳನ್ನು ಎಡ ಕಂಕುಳಿನೊಳಗಿಟ್ಟು, ಉಳಿದ ಬೆರಳುಗಳನ್ನು ಕಂಕುಳಿನ ಮುಂದಿನ ಅಂಚಿನ ಮೇಲೆ ಊರಿ, ನಡುವೆ ಸಿಗುವ ದಪ್ಪ ಮಡಿಕೆಯನ್ನು ಮೆಲ್ಲಗೆ ಹಿಡಿದುಕೊಳ್ಳಿ. ಈಗ ಎಡ ಅಂಗೈಯನ್ನು ಸೊಂಟದ ಮೇಲಿಟ್ಟು ಒಳಮುಖವಾಗಿ ಬಲವಾಗಿ ಒತ್ತಿ. ಸಡಿಲವಾಗಿದ್ದ ಮಡಿಕೆ ಒಮ್ಮೆಲೇ ಬಿಗಿಯಾಗುತ್ತದೆ. ಒತ್ತುವುದನ್ನು ನಿಲ್ಲಿಸಿದೊಡನೆ ಮತ್ತೆ ಮೆತ್ತಗಾಗುತ್ತದೆ. ನಿಮ್ಮ ಬೆರಳುಗಳ ನಡುವೆ ಇರುವುದು ಎದೆಯ ಅತಿದೊಡ್ಡ ಸ್ನಾಯುವಾದ ಪೆಕ್ಟೊರಾಲಿಸ್ ಮೇಜರ್‌ನ ಹೊರ ಅಂಚು. ಎದೆಯ ಸ್ನಾಯು ನೋಯುತ್ತಿದೆ ಎಂದು ಬಂದವರನ್ನು ಪರೀಕ್ಷಿಸುವಾಗ ಫಿಸಿಯೋಥೆರಪಿಸ್ಟ್ ಆದ ನಾನು ಮೊದಲು ಹಿಡಿದು ನೋಡುವುದು ಈ ಮಡಿಕೆಯನ್ನೇ ಹೊರತು ಎದೆಯ ನಡುಭಾಗವನ್ನಲ್ಲ. ಈ ಸ್ನಾಯು ಎದೆಯ ಮೇಲೆ ಹರಡಿಕೊಂಡಿದ್ದರೂ ಅದು ಕೆಲಸ ಮಾಡುವುದು ತೋಳಿಗಾಗಿ. ಇಷ್ಟು ಮನದಟ್ಟಾದರೆ ಎದೆಯ ವ್ಯಾಯಾಮ, ಪೆಟ್ಟು ಮತ್ತು ನೋವಿನ ಬಗ್ಗೆ ನನ್ನ ಬಳಿ ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಗೆಹರಿಯುತ್ತವೆ.

ಸ್ನಾಯು ಯಾರಿಗೆ ಸೇರಿದ್ದು ಎಂಬುದನ್ನು ತಿಳಿಯಲು ಅದಕ್ಕೆ ನರ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಪಕ್ಕೆಲುಬುಗಳ ನಡುವಿನ ಸ್ನಾಯುಗಳಿಗೆ ನರಗಳು ಬೆನ್ನುಹುರಿಯ ಎದೆಯ ಭಾಗದಿಂದ, ಆಯಾ ಪಕ್ಕೆಲುಬಿನ ಜೊತೆಯಲ್ಲೇ ಬರುತ್ತವೆ. ಪೆಕ್ಟೊರಾಲಿಸ್ ಮೇಜರ್‌ಗಾದರೋ ನರಗಳು ಕುತ್ತಿಗೆಯಿಂದ ಹೊರಟು, ಇಡೀ ತೋಳಿಗೆ ಶಾಖೆಗಳನ್ನು ಕೊಡುವ ನರಜಾಲದಿಂದಲೇ ಬರುತ್ತವೆ. ಮೊಣಕೈ ಮಡಿಸುವ ಸ್ನಾಯುವಿಗೂ ಬೆರಳು ಮಡಿಸುವ ಸ್ನಾಯುವಿಗೂ ನರ ಸಿಗುವುದು ಇದೇ ಜಾಲದಿಂದ.

ಇನ್ನು ಅದರ ಹುಟ್ಟು ಮತ್ತು ಕೊನೆಯನ್ನು ನೋಡೋಣ. ಈ ಸ್ನಾಯುವಿನ ಒಂದು ಭಾಗ ಕೊರಳೆಲುಬಿನ ಒಳ ಅರ್ಧದಿಂದ ಹುಟ್ಟುತ್ತದೆ. ಇನ್ನೊಂದು, ಹೆಚ್ಚು ದೊಡ್ಡದಾದ ಭಾಗ ಎದೆಯ ನಡುಮೂಳೆಯಿಂದಲೂ ಮೇಲಿನ ಆರು ಪಕ್ಕೆಲುಬುಗಳ ಮೃದ್ವಸ್ಥಿಗಳಿಂದಲೂ ಹೊರಡುತ್ತದೆ. ಅದರ ಕೆಳಗಿನ ಕೆಲವು ಎಳೆಗಳು ಹೊಟ್ಟೆಯ ಹೊರ ಸ್ನಾಯುವಿನ ಪೊರೆಯವರೆಗೂ ಇಳಿದಿರುತ್ತವೆ. ಬೀಸಣಿಗೆಯಂತೆ ಬಿಚ್ಚಿಕೊಂಡ ಈ ಎಳೆಗಳೆಲ್ಲ ಹೊರಮುಖವಾಗಿ ಸಾಗುತ್ತಾ ಒಂದುಗೂಡಿ, ಸುಮಾರು 5 ಸೆಂಟಿಮೀಟರ್ ಅಗಲದ ಚಪ್ಪಟೆ ಸ್ನಾಯುರಜ್ಜುವಾಗಿ (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ), ತೋಳಿನ ಮೂಳೆಯ ಮೇಲ್ಭಾಗದಲ್ಲಿರುವ ಒಂದು ತೋಡಿನ ಹೊರ ಅಂಚಿಗೆ ಅಂಟಿಕೊಳ್ಳುತ್ತವೆ.

ಹಾಗೆ ಅಂಟಿಕೊಳ್ಳುವ ಮುನ್ನ ಸ್ನಾಯುರಜ್ಜು ಒಂದು ತಿರುವು ತೆಗೆದುಕೊಳ್ಳುತ್ತದೆ. ಕೊರಳೆಲುಬಿನಿಂದ ಬಂದ ಎಳೆಗಳು ಮುಂಭಾಗದಲ್ಲಿದ್ದು ಮೂಳೆಯ ಮೇಲೆ ಕೆಳಗಡೆ ಸೇರಿದರೆ, ಎದೆಯ ತೀರ ಕೆಳಗಿನಿಂದ ಮೇಲೇರಿ ಬಂದ ಎಳೆಗಳು ಅವುಗಳ ಹಿಂದೆ ನುಸುಳಿ ಎಲ್ಲಕ್ಕಿಂತ ಮೇಲೆ ಸೇರುತ್ತವೆ. ಒಂದು ಅಗಲವಾದ ಪಟ್ಟಿಯ ತುದಿಯನ್ನು ಅರ್ಧ ಸುತ್ತು ತಿರುಚಿ ಗೋಡೆಗೆ ಮೊಳೆ ಹೊಡೆದು ಕೂರಿಸಿದಂತೆ ಇದು. ತೋಳನ್ನು ತಲೆಯ ಮೇಲಕ್ಕೆ ಎತ್ತಿದಾಗ ಈ ತಿರುಚು ಬಿಚ್ಚಿಕೊಂಡು ಎಳೆಗಳು ಹೆಚ್ಚು ಕಡಿಮೆ ನೇರವಾಗುತ್ತವೆ. ಅಂಗರಚನಾಶಾಸ್ತ್ರವನ್ನು ಮೊದಲು ಓದುವಾಗ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಮಹತ್ವ ಅರ್ಥವಾದದ್ದು ಈ ಸ್ನಾಯು ಹರಿದವರನ್ನು ಕಂಡ ಮೇಲೆ.

ಕೆಲಸದ ವಿಚಾರಕ್ಕೆ ಬಂದರೆ, ಪೆಕ್ಟೊರಾಲಿಸ್ ಮೇಜರ್ ತೋಳನ್ನು ಮೈಯ ಕಡೆಗೆ ಎಳೆಯುತ್ತದೆ, ಎದೆಯ ಮುಂದೆ ಅಡ್ಡಲಾಗಿ ತರುತ್ತದೆ ಮತ್ತು ಒಳಮುಖವಾಗಿ ತಿರುಗಿಸುತ್ತದೆ. ಅದರ ಎರಡು ಭಾಗಗಳು ಕೆಲವೊಮ್ಮೆ ಒಂದಕ್ಕೊಂದು ವಿರುದ್ಧವಾಗಿಯೂ ದುಡಿಯುತ್ತವೆ. ತೋಳು ಕೆಳಗಿರುವಾಗ ಅದನ್ನು ಮುಂದಕ್ಕೆ ಎತ್ತುವುದು ಮೇಲಿನ ಭಾಗ. ಎತ್ತಿದ ತೋಳನ್ನು ಬಲವಾಗಿ ಕೆಳಗೆಳೆಯುವುದು ಕೆಳಗಿನ ಭಾಗ. ಮೇಜಿನ ಅಂಚಿನ ಕೆಳಗೆ ಅಂಗೈಯಿಟ್ಟು ಮೇಲಕ್ಕೆ ಒತ್ತುತ್ತಾ, ಇನ್ನೊಂದು ಕೈಯಿಂದ ಕೊರಳೆಲುಬಿನ ಕೆಳಗೆ ಮುಟ್ಟಿ ನೋಡಿದರೆ ಮೇಲಿನ ಭಾಗ ಬಿಗಿಯಾಗುವುದು ತಿಳಿಯುತ್ತದೆ. ಅದೇ ಮೇಜಿನ ಮೇಲೆ ಅಂಗೈಯಿಟ್ಟು ಕೆಳಕ್ಕೆ ಒತ್ತಿದರೆ ಬಿಗಿತ ಕೆಳಗಿನ ಭಾಗಕ್ಕೆ ಸರಿಯುತ್ತದೆ.

ಜಿಮ್‌ಗೆ ಹೋಗುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬೆಂಚನ್ನು ಓರೆಯಾಗಿಸಿ ತಲೆಯ ಕಡೆ ಎತ್ತರಿಸಿಕೊಂಡರೆ ಮೇಲಿನ ಭಾಗಕ್ಕೆ ಹೆಚ್ಚು ಕೆಲಸ ಕೊಡಬಹುದು, ಏಕೆಂದರೆ ಆ ಎಳೆಗಳ ಹುಟ್ಟು ಮತ್ತು ದಿಕ್ಕು ಬೇರೆಯೇ ಆಗಿವೆ. ಆದರೆ ಎದೆಯ ಒಳ ಅಂಚನ್ನು ಮಾತ್ರ ಬೆಳೆಸುವ ವ್ಯಾಯಾಮವೆಂಬುದು ನನ್ನ ತಿಳಿವಳಿಕೆಯಲ್ಲಿ ಇಲ್ಲ. ಎಳೆಗಳು ನಡುಮೂಳೆಯಿಂದ ತೋಳಿನ ಕಡೆಗೆ ಓಡುತ್ತವೆ, ಅವುಗಳ ಬಿಗಿತ ಉದ್ದಕ್ಕೂ ಹರಡುತ್ತದೆ. ಒಂದು ಹಗ್ಗವನ್ನು ಎಳೆದು ಅದರ ಎಡತುದಿಯನ್ನು ಮಾತ್ರ ಬಿಗಿಯಾಗಿಸಲು ಸಾಧ್ಯವಿಲ್ಲ. ಎದೆಯ ಎಡ ಬಲ ಸ್ನಾಯುಗಳ ನಡುವಿನ ಅಂತರ ಒಬ್ಬೊಬ್ಬರಲ್ಲಿ ಬೇರೆ ಬೇರೆಯಾಗಿ ಕಾಣಲು ಮುಖ್ಯ ಕಾರಣ ಅವರ ಸ್ನಾಯುಗಳು ಹುಟ್ಟುವ ಜಾಗದಲ್ಲಿರುವ ಸಹಜ ವ್ಯತ್ಯಾಸ. ಇದಕ್ಕಾಗಿ ಭುಜವನ್ನು ತಿಂಗಳುಗಟ್ಟಲೆ ದಂಡಿಸಿ ನೋವು ತಂದುಕೊಂಡ ಯುವಕರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಈ ಸ್ನಾಯು ಹರಿಯುವ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಸ್ನಾಯು ಹರಿದ ಪ್ರಕರಣವೊಂದನ್ನು ಪ್ಯಾರಿಸ್‌ನ ವೈದ್ಯ ಪತಿಸಿಯೆ 1822ರಲ್ಲೇ ವರದಿ ಮಾಡಿದ್ದರೂ, ಬಹುಕಾಲ ಇದು ಅಪರೂಪದ ಸಂಗತಿಯೆನಿಸಿಕೊಂಡಿತ್ತು. ಭಾರ ಎತ್ತುವ ವ್ಯಾಯಾಮ ಜನಪ್ರಿಯವಾದ ಮೇಲೆ ಹೆಚ್ಚು ಕಾಣಿಸಿಕೊಳ್ಳತೊಡಗಿತು. ಬಹುಪಾಲು ರೋಗಿಗಳು 20ರಿಂದ 40 ವರ್ಷದೊಳಗಿನ ಗಂಡಸರು, ಮತ್ತು ಪೆಟ್ಟು ಬೀಳುವುದು ಹೆಚ್ಚಾಗಿ ಬೆಂಚ್ ಪ್ರೆಸ್ ಮಾಡುವಾಗ, ಅಂದರೆ ಬೆಂಚಿನ ಮೇಲೆ ಅಂಗಾತ ಮಲಗಿ ಭಾರದ ಸರಳನ್ನು ಎದೆಯವರೆಗೆ ಇಳಿಸಿ ಮೇಲಕ್ಕೆ ತಳ್ಳುವಾಗ. ಭಾರವನ್ನು ಮೇಲಕ್ಕೆ ತಳ್ಳುವಾಗ ಅಪಾಯ ಹೆಚ್ಚೆಂದು ಜನ ಭಾವಿಸುತ್ತಾರೆ. ವಾಸ್ತವದಲ್ಲಿ ಅಪಾಯದ ಕ್ಷಣ ಸರಳು ಎದೆಯ ಕಡೆಗೆ ಇಳಿಯುವಾಗಲೇ ಬರುತ್ತದೆ. ಆಗ ಮೊಣಕೈಗಳು ಮೈಯ ಮಟ್ಟಕ್ಕಿಂತ ಕೆಳಗಿಳಿಯುತ್ತವೆ, ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತಿರುತ್ತದೆ, ಮತ್ತು ತಿರುಚಿನ ಕಾರಣದಿಂದ ಕೆಳಭಾಗದ ಗಿಡ್ಡ ಎಳೆಗಳು ಉಳಿದವುಗಳಿಗಿಂತ ಎಷ್ಟೋ ಹೆಚ್ಚು ಜಗ್ಗಲ್ಪಡುತ್ತವೆ. ಮೊದಲು ಹರಿಯುವುದು ಅವೇ.

ಇಂತಹ ಒಬ್ಬ ಯುವಕ ಪೆಟ್ಟಾದ ನಾಲ್ಕನೆಯ ವಾರದಲ್ಲಿ ನನ್ನ ಬಳಿ ಬಂದಿದ್ದ. ಸರಳು ಇಳಿಸುವಾಗ ಬಟ್ಟೆ ಹರಿದಂತೆ ಸದ್ದಾಯಿತೆಂದೂ, ಮರುದಿನ ತೋಳಿನ ಒಳಭಾಗವೆಲ್ಲ ನೀಲಿಗಟ್ಟಿತೆಂದೂ ಹೇಳಿದ. ಎದೆಯ ಮೇಲೆ ಕಲೆಯಿರಲಿಲ್ಲವಾದ್ದರಿಂದ ಅದನ್ನು ಸಾಮಾನ್ಯ ಉಳುಕೆಂದು ಭಾವಿಸಿ, ಅವನಿಗೆ ಶಾಖ ಮತ್ತು ನೋವಿನ ಮಾತ್ರೆಗಳನ್ನಷ್ಟೇ ಕೊಡಲಾಗಿತ್ತು. ಎರಡೂ ಅಂಗೈಗಳನ್ನು ಸೊಂಟಕ್ಕೆ ಒತ್ತಲು ಹೇಳಿದೆ. ಎಡಗಡೆ ಮಡಿಕೆ ಬಿಗಿಯಾಗಿ ಎದ್ದು ನಿಂತಿತು. ಬಲಗಡೆ ಬೆರಳುಗಳ ನಡುವೆ ಚರ್ಮ ಮತ್ತು ತೆಳು ಕೊಬ್ಬು ಮಾತ್ರ ಸಿಕ್ಕವು, ಸ್ನಾಯು ನಡುಮೂಳೆಯ ಕಡೆಗೆ ಸರಿದು ಉಂಡೆಗಟ್ಟಿತ್ತು. ಎಂಆರ್‌ಐ ಮಾಡಿಸಿದಾಗ ಸ್ನಾಯುರಜ್ಜು ಮೂಳೆಯಿಂದ ಕಿತ್ತು ಬಂದಿರುವುದು ಖಚಿತವಾಯಿತು. ಸ್ನಾಯುರಜ್ಜು ಪೂರ್ತಿ ಕಿತ್ತುಬಂದಿದ್ದು, ಆ ವ್ಯಕ್ತಿಗೆ ತೋಳಿನ ಪೂರ್ಣ ಬಲ ಬೇಕಿದ್ದರೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಮತ್ತೆ ಮೂಳೆಗೆ ಕಟ್ಟಬೇಕಾಗುತ್ತದೆ. ಇದು ಮೊದಲ ಕೆಲವು ವಾರಗಳಲ್ಲಿ ಆದರೆ ಸುಲಭ, ತಡವಾದಷ್ಟೂ ಸ್ನಾಯು ಗಿಡ್ಡವಾಗಿ ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಳ್ಳುತ್ತದೆ. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಆ ಯುವಕನಿಗೆ ನಾಲ್ಕು ವಾರಗಳು ಉಳಿಯುತ್ತಿದ್ದವು. ಪೆಟ್ಟು ಎದೆಯ ಸ್ನಾಯುವಿನದಾದರೂ ರಕ್ತ ಇಳಿದು ತೋಳಿನಲ್ಲಿ ಕಾಣಿಸಿಕೊಂಡೀತು ಎಂಬುದನ್ನು ವ್ಯಾಯಾಮ ಹೇಳಿಕೊಡುವವರೆಲ್ಲ ತಿಳಿದಿರಬೇಕೆಂದು ನಾನು ಬಯಸುತ್ತೇನೆ.

ದೊಡ್ಡ ಸ್ನಾಯುವಿನ ಅಡಿಯಲ್ಲಿ ಪೆಕ್ಟೊರಾಲಿಸ್ ಮೈನರ್ ಎಂಬ ತ್ರಿಕೋನಾಕಾರದ ಚಿಕ್ಕ ಸ್ನಾಯುವಿದೆ. ಸಾಮಾನ್ಯವಾಗಿ 3, 4 ಮತ್ತು 5ನೆಯ ಪಕ್ಕೆಲುಬುಗಳಿಂದ ಹೊರಡುವ ಇದು ತೋಳಿನ ಮೂಳೆಯನ್ನು ಮುಟ್ಟುವುದೇ ಇಲ್ಲ. ಹೆಗಲ ಹಲಗೆಯಿಂದ ಮುಂದಕ್ಕೆ ಚಾಚಿರುವ ಕಾಗೆಯ ಕೊಕ್ಕಿನಂತಹ ಮೂಳೆಗೆ ಅಂಟಿಕೊಂಡು, ಹಲಗೆಯನ್ನು ಮುಂದಕ್ಕೂ ಕೆಳಕ್ಕೂ ಎಳೆಯುತ್ತದೆ. ತೋಳಿಗೆ ಹೋಗುವ ಮುಖ್ಯ ರಕ್ತನಾಳವೂ ನರಗಳ ಕಟ್ಟೂ ಇದರ ಹಿಂದಿನಿಂದಲೇ ಹಾದುಹೋಗುತ್ತವೆ. ಹಾಗಾಗಿ ಈ ಸ್ನಾಯು ಬಿಗಿದುಕೊಂಡಾಗ ಕೆಲವರಿಗೆ ಕೈ ಮೇಲೆತ್ತಿದರೆ ಬೆರಳುಗಳಲ್ಲಿ ಜುಮುಗುಟ್ಟುವಿಕೆ ಶುರುವಾಗುತ್ತದೆ. ಹಾಗೆಂದು ಭುಜ ಮುಂದಕ್ಕೆ ಬಾಗಿದವರೆಲ್ಲರ ನೋವಿಗೂ ಈ ಸ್ನಾಯುವನ್ನೇ ದೂರುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಭುಜ ಬಾಗಿದ್ದೂ ಯಾವ ನೋವೂ ಇಲ್ಲದವರು ಬೇಕಾದಷ್ಟು ಜನರಿದ್ದಾರೆ.

ಎದೆಯ ಪಕ್ಕದಲ್ಲಿ ಗರಗಸದ ಹಲ್ಲುಗಳಂತೆ ಕಾಣುವ ಸೆರೇಟಸ್ ಆಂಟೀರಿಯರ್ ಎಂಬ ಸ್ನಾಯು ಮೇಲಿನ ಎಂಟು ಅಥವಾ ಒಂಬತ್ತು ಪಕ್ಕೆಲುಬುಗಳಿಂದ ಹುಟ್ಟಿ, ಹೆಗಲ ಹಲಗೆಯ ಅಡಿಯಲ್ಲಿ ಹಿಂದಕ್ಕೆ ಸಾಗಿ, ಅದರ ಬೆನ್ನುಮೂಳೆಯ ಕಡೆಯ ಅಂಚನ್ನು ಹಿಡಿದಿರುತ್ತದೆ. ಹಲಗೆಯನ್ನು ಪಕ್ಕೆಲುಬುಗಳಿಗೆ ಒತ್ತಿ ಹಿಡಿಯುವುದು, ತೋಳು ತಲೆಯ ಮೇಲೆ ಹೋಗುವಾಗ ಹಲಗೆಯನ್ನು ಮೇಲ್ಮುಖವಾಗಿ ತಿರುಗಿಸುವುದು ಇದರ ಕೆಲಸ. ಇದರ ನರ ಸ್ನಾಯುವಿನ ಹೊರಮೈ ಮೇಲೆಯೇ ಉದ್ದಕ್ಕೆ ಇಳಿಯುವುದರಿಂದ, ಕಂಕುಳಿನ ಗ್ರಂಥಿಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಪೆಟ್ಟಾಗುವ ಸಾಧ್ಯತೆಯಿದೆ. ಹಾಗಾದವರು ಗೋಡೆಗೆ ಎರಡೂ ಅಂಗೈಯಿಟ್ಟು ತಳ್ಳಿದರೆ ಆ ಬದಿಯ ಹಲಗೆ ರೆಕ್ಕೆಯಂತೆ ಬೆನ್ನಿನಿಂದ ಎದ್ದು ನಿಲ್ಲುತ್ತದೆ. ಕೊರಳೆಲುಬಿನ ಅಡಿಯಲ್ಲಿರುವ ಸಬ್‌ಕ್ಲೇವಿಯಸ್ ಬೆರಳಿನಷ್ಟೇ ಚಿಕ್ಕದು. ಆ ಮೂಳೆಯನ್ನು ಸ್ಥಿರವಾಗಿಡುವುದಕ್ಕಿಂತ ಹೆಚ್ಚಿನ ಪಾತ್ರ ಅದಕ್ಕಿಲ್ಲ.

ನಿಜವಾದ ಅರ್ಥದಲ್ಲಿ ಎದೆಯ ಸ್ನಾಯುಗಳೆಂದರೆ ಪಕ್ಕೆಲುಬುಗಳ ನಡುವಿನ 11 ಜೊತೆ ಸಂದುಗಳನ್ನು ತುಂಬಿರುವ ತೆಳು ಪದರಗಳು. ಹೊರಗಿನ ಪದರದ ಎಳೆಗಳು, ಪ್ಯಾಂಟಿನ ಮುಂದಿನ ಜೇಬಿಗೆ ಕೈ ಹಾಕಿದಾಗ ಬೆರಳುಗಳು ಓಡುವ ದಿಕ್ಕಿನಲ್ಲಿ, ಕೆಳಕ್ಕೂ ಮುಂದಕ್ಕೂ ಇಳಿದು ಉಸಿರೆಳೆಯುವಾಗ ಪಕ್ಕೆಲುಬುಗಳನ್ನು ಎತ್ತುತ್ತವೆ. ಒಳಪದರದ ಹೆಚ್ಚಿನ ಎಳೆಗಳು ಅದಕ್ಕೆ ಅಡ್ಡವಾಗಿದ್ದು, ಜೋರಾಗಿ ಉಸಿರು ಬಿಡುವಾಗ ನೆರವಾಗುತ್ತವೆ. ಶಾಂತ ಉಸಿರಾಟದ ಮುಖ್ಯ ಹೊರೆಯನ್ನು ಇವುಗಳ ಕೆಳಗಿರುವ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಹೊರುತ್ತದೆ.

ಉಸಿರಾಟ ಕಷ್ಟವಾದಾಗ ಮಾತ್ರ ಪೆಕ್ಟೊರಾಲಿಸ್ ಮೇಜರ್ ತನ್ನ ಪಾತ್ರವನ್ನು ತಿರುಗುಮುರುಗು ಮಾಡುತ್ತದೆ. ಶ್ವಾಸಕೋಶದ ಹಳೆಯ ಕಾಯಿಲೆಯುಳ್ಳವರು ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಮೊಣಕಾಲುಗಳ ಮೇಲೆ ಊರಿ ಕೂರುವುದನ್ನು ನೀವು ನೋಡಿರಬಹುದು. ಹಾಗೆ ಕೂರಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಕೈಗಳು ಊರಿ ನಿಂತಾಗ ತೋಳಿನ ಮೂಳೆ ಅಲುಗದು. ಆಗ ಸ್ನಾಯು ಬಿಗಿದರೆ ತೋಳು ಎದೆಯ ಕಡೆಗೆ ಬರುವ ಬದಲು ಪಕ್ಕೆಲುಬುಗಳೇ ತೋಳಿನ ಕಡೆಗೆ ಎಳೆಯಲ್ಪಟ್ಟು ಎದೆಗೂಡು ಹಿಗ್ಗುತ್ತದೆ. ಮರ ಹತ್ತುವವರು ಕೊಂಬೆ ಹಿಡಿದು ಮೈಯನ್ನು ಮೇಲೆಳೆದುಕೊಳ್ಳುವುದರಲ್ಲೂ ಇದೇ ತತ್ವ ಕೆಲಸ ಮಾಡುತ್ತದೆ.

ಎದೆನೋವಿನೊಡನೆ ಬರುವವರಿಗೆ ಒಂದು ಮಾತು ಹೇಳಲೇಬೇಕು. ತೋಳನ್ನು ಎದೆಯ ಮುಂದೆ ತರುವಾಗ ಹೆಚ್ಚಾಗುವ, ಬೆರಳಿನಿಂದ ಒತ್ತಿದರೆ ಅದೇ ಜಾಗದಲ್ಲಿ ಮರುಕಳಿಸುವ ನೋವು ಸ್ನಾಯುವಿನದಾಗಿರುವ ಸಾಧ್ಯತೆ ಹೆಚ್ಚು. ಆದರೆ ಒತ್ತಿದಾಗ ನೋಯುತ್ತದೆ ಎಂಬುದೊಂದೇ ಹೃದಯದ ತೊಂದರೆ ಇಲ್ಲವೆನ್ನಲು ಸಾಕಾಗದು, ಏಕೆಂದರೆ ಇಬ್ಬಗೆಯ ನೋವೂ ಒಬ್ಬರಲ್ಲೇ ಇರಬಹುದು. ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಬರುವ, ಎದೆಯನ್ನು ಹಿಂಡಿದಂತಾಗುವ, ಬೆವರು, ಉಸಿರುಗಟ್ಟುವಿಕೆ ಅಥವಾ ದವಡೆಯ ನೋವಿನೊಂದಿಗೆ ಕಾಣಿಸಿಕೊಳ್ಳುವ ನೋವಿದ್ದರೆ ನಾನು ಸ್ನಾಯುವನ್ನು ಮುಟ್ಟುವುದಿಲ್ಲ. ಅಂಥವರನ್ನು ಆ ಕ್ಷಣವೇ ತುರ್ತು ಚಿಕಿತ್ಸೆಗೆ ಕಳುಹಿಸುತ್ತೇನೆ. ಕಂಕುಳಿನ ಮಡಿಕೆಯ ಪರೀಕ್ಷೆ ಇಸಿಜಿ ಆದ ಮೇಲೆ.