ಬಾಯಿಲ್ಲದ ಹುಳು ಉಣ್ಣುವುದು ಹೇಗೆ?

1977ರ ಫೆಬ್ರುವರಿಯಲ್ಲಿ ಗಲಪಗೋಸ್ ದ್ವೀಪಗಳ ಬಳಿ, ಸುಮಾರು 2500 ಮೀಟರ್ ಆಳಕ್ಕೆ ‘ಆಲ್ವಿನ್’ ಎಂಬ ಆಳಸಮುದ್ರ ನೌಕೆ ಇಳಿಯಿತು. ಭೂವಿಜ್ಞಾನಿಗಳು ಹುಡುಕಿ ಹೋಗಿದ್ದು ಬಿಸಿನೀರಿನ ಬುಗ್ಗೆಗಳನ್ನು. ಕಂಡದ್ದು ಬುಗ್ಗೆಯ ಸುತ್ತ ಕಿಕ್ಕಿರಿದ ಜೀವರಾಶಿ. ತಂಡದಲ್ಲಿ ಜೀವವಿಜ್ಞಾನಿಗಳೇ ಇರಲಿಲ್ಲ. ಮಾದರಿಗಳು ಕೆಡದಂತೆ ಇಡಲು ರಷ್ಯನ್ ವೋಡ್ಕಾವನ್ನೂ ಬಳಸಬೇಕಾಯಿತು.

ಆ ಜೀವಿಗಳಲ್ಲಿ ಎದ್ದು ಕಂಡದ್ದು ಬಿಳಿ ಕೊಳವೆಯೊಳಗೆ ನಿಂತು, ತುದಿಯಲ್ಲಿ ರಕ್ತಗೆಂಪು ಕಿವಿರು ಅರಳಿಸುವ ದೈತ್ಯ ಹುಳು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಮೆರೆಡಿತ್ ಜೋನ್ಸ್ 1981ರಲ್ಲಿ ಅದಕ್ಕೆ ರಿಫ್ಟಿಯಾ ಪ್ಯಾಕಿಪ್ಟಿಲಾ ಎಂದು ಹೆಸರಿಟ್ಟರು. ಸೀಳಿ ನೋಡಿದರೆ ಬಾಯಿಯಿಲ್ಲ, ಕರುಳಿಲ್ಲ. ಒಡಲ ತುಂಬ ಟ್ರೋಫೋಸೋಮ್ ಎಂಬ ಮೆತ್ತನೆಯ ಅಂಗಾಂಶ, ಅದರಲ್ಲಿ ಗಂಧಕದ ಹರಳುಗಳು. ಹಾರ್ವರ್ಡ್‌ನಲ್ಲಿ ಜೋನ್ಸ್ ಇದನ್ನು ವಿವರಿಸುತ್ತಿದ್ದಾಗ ವಿದ್ಯಾರ್ಥಿನಿ ಕೊಲೀನ್ ಕ್ಯಾವನಾ ಎದ್ದು ನಿಂತು, ಅಲ್ಲಿ ಗಂಧಕದಿಂದ ಬದುಕುವ ಬ್ಯಾಕ್ಟೀರಿಯಾ ಇರಲೇಬೇಕು ಎಂದರು. 1981ರಲ್ಲಿ ಸೂಕ್ಷ್ಮದರ್ಶಕ ಅದನ್ನು ತೋರಿಸಿತು. ಅದೇ ವರ್ಷ ಹೋರ್ಸ್ಟ್ ಫೆಲ್ಬೆಕ್ ಆ ಅಂಗಾಂಶದಲ್ಲಿ ಇಂಗಾಲದ ಡೈಆಕ್ಸೈಡ್‌ನಿಂದ ಆಹಾರ ಕಟ್ಟುವ ಕಿಣ್ವವನ್ನು ಪತ್ತೆಹಚ್ಚಿದರು. ನಮ್ಮ ಗದ್ದೆಯ ಭತ್ತದ ಎಲೆಯಲ್ಲಿ ಇರುವುದೂ ಅದೇ ಕಿಣ್ವ. ಎಲೆಗೆ ಶಕ್ತಿ ಬೆಳಕಿನಿಂದ, ಇಲ್ಲಿನ ಬ್ಯಾಕ್ಟೀರಿಯಾಗೆ ಬುಗ್ಗೆಯ ನೀರಿನಲ್ಲಿರುವ ಗಂಧಕದ ಸಂಯುಕ್ತವಾದ ಹೈಡ್ರೋಜನ್ ಸಲ್ಫೈಡ್‌ನಿಂದ. ಬ್ಯಾಕ್ಟೀರಿಯಾ ಕಟ್ಟಿದ ಆ ಆಹಾರವೇ ಹುಳುವಿನ ಊಟ.

ಆದರೆ ಸಲ್ಫೈಡ್ ಉಸಿರಾಟದ ಕಿಣ್ವವನ್ನೇ ಕಟ್ಟಿಹಾಕುವ ವಿಷ. ಅದೂ ಅಲ್ಲದೆ ಸಲ್ಫೈಡ್ ಮತ್ತು ಆಮ್ಲಜನಕ ಒಂದೇ ನೀರಿನಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಹುಳುವಿಗೆ ಎರಡೂ ಬೇಕು. ಅದಕ್ಕೇ ಅದು ಬುಗ್ಗೆಯ ನೀರು ತಣ್ಣನೆಯ ಕಡಲ ನೀರಿಗೆ ಬೆರೆಯುವ, ಸುಮಾರು 2ರಿಂದ 30 ಡಿಗ್ರಿ ಸೆಲ್ಸಿಯಸ್‌ನ ಜಾಗದಲ್ಲೇ ಬೇರೂರುತ್ತದೆ. ಅದರ ದೈತ್ಯ ಹಿಮೋಗ್ಲೋಬಿನ್ ಆಮ್ಲಜನಕವನ್ನೂ ಸಲ್ಫೈಡನ್ನೂ ಬೇರೆಬೇರೆ ತಾಣಗಳಲ್ಲಿ ಏಕಕಾಲಕ್ಕೆ ಹಿಡಿದು, ಒಂದಕ್ಕೊಂದು ತಾಗದಂತೆ ಬ್ಯಾಕ್ಟೀರಿಯಾಗೆ ತಲುಪಿಸುತ್ತದೆ. ಈ ಹುಳುವಿನ ಬಗೆಗಿನ ಎಲ್ಲ ಶೋಧಗಳಲ್ಲಿ ಅತ್ಯಂತ ಸೊಗಸಾದದ್ದು ಇದೇ. ಸಲ್ಫೈಡ್ ಪೂರೈಕೆ ನಿಂತರೆ ಕೂಡಿಟ್ಟ ಗಂಧಕ ಕರಗಿ, ತಿಳಿಹಳದಿ ಟ್ರೋಫೋಸೋಮ್ ಕಡುಹಸಿರಿಗೆ ತಿರುಗುತ್ತದೆ. ಪ್ರಯೋಗಾಲಯದಲ್ಲಿ ಹುಳುವನ್ನು ಬದುಕಿಸಿಕೊಳ್ಳಲು ಸುಮಾರು 250 ವಾಯುಭಾರದ ಒತ್ತಡದ ತೊಟ್ಟಿಯೇ ಬೇಕು.

ಮೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ. ಹಾಗಾದರೆ ಮರಿಗೆ ಎಲ್ಲಿಂದ ಬಂತು? ಎಳೆಯ ಮರಿಗೆ ಕೆಲಕಾಲ ಬಾಯಿ, ಕರುಳು ಇರುವುದರಿಂದ ಬಾಯಿಯ ಮೂಲಕವೇ ಎಂದು ಭಾವಿಸಲಾಗಿತ್ತು. 2006ರಲ್ಲಿ ಆಂಡ್ರಿಯಾ ನುಸ್ಬೌಮರ್, ಮೋನಿಕಾ ಬ್ರೈಟ್ ಮತ್ತಿತರರು ಅದು ತಪ್ಪೆಂದು ತೋರಿಸಿದರು: ನೀರಿನಲ್ಲಿರುವ ಬ್ಯಾಕ್ಟೀರಿಯಾ ಚರ್ಮವನ್ನು ತೂರಿ ಒಳಹೊಗುತ್ತದೆ, ಟ್ರೋಫೋಸೋಮ್ ನೆಲೆಗೊಂಡ ಮೇಲೆ ಚರ್ಮದ ಜೀವಕೋಶಗಳು ಭಾರೀ ಪ್ರಮಾಣದಲ್ಲಿ ಸತ್ತು ದಾರಿ ಮುಚ್ಚುತ್ತದೆ. ಹುಳು ಸತ್ತಾಗ ಬ್ಯಾಕ್ಟೀರಿಯಾ ಮತ್ತೆ ಕಡಲಿಗೆ ಮರಳುತ್ತದೆಂದು 2015ರಲ್ಲಿ ತಿಳಿಯಿತು.

ವರ್ಗೀಕರಣದ ಜಗಳ ಬೇಗ ಮುಗಿಯಲಿಲ್ಲ. ಜೋನ್ಸ್ 1985ರಲ್ಲಿ ಈ ಹುಳುವಿಗೆ ಪ್ರತ್ಯೇಕ ವಂಶವನ್ನೇ (ಫೈಲಮ್, ಪ್ರಾಣಿಗಳ ದೊಡ್ಡ ಗುಂಪು) ಸೂಚಿಸಿದ್ದರು. ಡಿಎನ್‌ಎ ಹೋಲಿಕೆಗಳು ಅದನ್ನು ಎರೆಹುಳುವಿನ ಬಳಗವಾದ ವಲಯವಂತ ಹುಳುಗಳೊಳಗೆ ಸೇರಿಸಿದವು. ಹುಳುವಿನ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ, ಓದುವಾಗ ಟ್ರೋಫೋಸೋಮ್ ಬಳಸಿದರೆ ಬ್ಯಾಕ್ಟೀರಿಯಾದ ಡಿಎನ್‌ಎ ರಾಶಿಯಾಗಿ ಬೆರೆಯುತ್ತದೆ, ಆದ್ದರಿಂದ ಬ್ಯಾಕ್ಟೀರಿಯಾ ಇಲ್ಲದ ಅಂಗಾಂಶವೇ ಒಳ್ಳೆಯದು. 2022ರಲ್ಲಿ ಪ್ರಕಟವಾದ ಜೀನೋಮ್ ಸುಮಾರು 56 ಕೋಟಿ ಅಕ್ಷರಗಳದ್ದು. ಅದರಲ್ಲಿ ಹಿಗ್ಗಿದ ವಂಶವಾಹಿ ಕುಟುಂಬಗಳಿಗಿಂತ ಕುಗ್ಗಿದವೇ ಹೆಚ್ಚು. ಹಿಮೋಗ್ಲೋಬಿನ್ ವಂಶವಾಹಿಗಳು ಮಾತ್ರ ಹೆಚ್ಚಿವೆ.

1991ರ ಏಪ್ರಿಲ್‌ನಲ್ಲಿ ಪೂರ್ವ ಪೆಸಿಫಿಕ್ ಏಣು ಎಂಬ ಕಡಲಡಿಯ ಬೆಟ್ಟಸಾಲಿನ ಜ್ವಾಲಾಮುಖಿ ಹಳೆಯ ಬುಗ್ಗೆಗಳನ್ನು ಲಾವಾದಡಿ ಹೂತುಹಾಕಿತು. 1993ರ ಕೊನೆಯ ಹೊತ್ತಿಗೆ ಹೊಸ ಹುಳುಗಳ ಕೊಳವೆ ಸುಮಾರು ಒಂದೂವರೆ ಮೀಟರ್ ಮುಟ್ಟಿತ್ತು, ಬೆಳವಣಿಗೆಯ ವೇಗ ವರ್ಷಕ್ಕೆ 85 ಸೆಂಟಿಮೀಟರ್‌ಗೂ ಹೆಚ್ಚು. ಲಾರ್ವಾಗಳು, ಅಂದರೆ ಮೊಟ್ಟೆಯಿಂದ ಹೊರಬಂದ ತೇಲುವ ಎಳೆಮರಿಗಳು, ತಮ್ಮೊಳಗಿನ ಬುತ್ತಿಯಲ್ಲೇ ಸುಮಾರು 38 ದಿನ ತೇಲಬಲ್ಲವು. 2023ರಲ್ಲಿ ಅದೇ ಏಣಿನಲ್ಲಿ ರೋಬಾಟ್ ಲಾವಾ ಪದರವನ್ನು ಎತ್ತಿದಾಗ, ಕೆಳಗಿನ ಬೆಚ್ಚನೆಯ ಪೊಳ್ಳುಗಳಲ್ಲೂ ರಿಫ್ಟಿಯಾ ಬೆಳೆದಿತ್ತು. ಲಾರ್ವಾಗಳು ನೆಲದಡಿಯ ಹರಿವಿನಲ್ಲೂ ಸಾಗುತ್ತಿರಬಹುದು ಎಂಬುದು ಈಗಿನ ಊಹೆ.